ಅವ್ವನಿಗೆ ಕೇಳಿಸಿದ ಸ್ಟೇಷನ್ ಗಂಟೆ

ಶಿಕಾರಿಪುರದ ಬಸ್ಸು ಪಂಚರ್ ಆಗಬಹುದಿತ್ತು. ಅವ್ವನ ರಕ್ತಪರೀಕ್ಷೆಯ ಕಾಗದ ಮನೆಯಲ್ಲೇ ಉಳಿಯಬಹುದಿತ್ತು. ರೈಲಿನಲ್ಲಿ ನಮ್ಮ ಸೀಟಿನ ಮೇಲೆ ಯಾರೋ ಮಲಗಿರಬಹುದಿತ್ತು, ಅವರು ಜಗಳಗಂಟರೂ ಆಗಿರಬಹುದಿತ್ತು. ಹೊರಡುವ ಹಿಂದಿನ ದಿನವೆಲ್ಲ ನನಗೆ ಹೀಗೆ ಹೆದರುವುದೇ ಕೆಲಸ. ವಿಚಿತ್ರವಾದದ್ದೇನಾದರೂ ನಡೆದೀತು ಎಂಬ ಚಿಂತೆಯೊಂದು ಮಾತ್ರ ಇರಲಿಲ್ಲ. ಅಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ.

ಅವ್ವನಿಗೆ ಎರಡೂ ಕಿವಿ ಪೂರ್ತಿ ಹೋಗಿ ಕೆಲವು ವರ್ಷಗಳಾಗಿದ್ದವು. ಮೈಸೂರಿನಲ್ಲಿ ಕಿವಿಗೆ ಯಂತ್ರ ಕೂಡಿಸುವ ಆಪರೇಷನ್ನಿಗೆ ಕಾದು ಕಾದು ದಿನ ಸಿಕ್ಕಿತ್ತು. ರೈಲು ತಪ್ಪಿದರೆ ಮತ್ತೆ ಸರದಿಯ ಕೊನೆಗೆ.

ಶಿಕಾರಿಪುರ, ಸೊರಬದ ನಮಗೆ ರೈಲೆಂದರೆ ಬಸ್ಸು ಹಿಡಿದು ಹೋಗಿ ಹತ್ತುವಂಥದ್ದು. ಸಾಗರದ ದಾರಿಯ ಆ ಪುಟ್ಟ ಸ್ಟೇಷನ್ನು ನನಗೆ ಅಚ್ಚುಮೆಚ್ಚು. ಹಿಂದೆ ಸಣ್ಣ ಹಳಿಯ ಮೇಲೆ ಉಗಿಬಂಡಿ ಬಂದು ನೀರು ಕುಡಿದು, ಕಾಡಿನ ಮರದ ನಾಟಾ ತುಂಬಿಕೊಂಡು ಹೋಗುತ್ತಿತ್ತಂತೆ. ಗಾಡಿ ಬರುವ ಮುಂಚೆ, ತೂಗುಹಾಕಿದ ಹಳಿಯ ತುಂಡಿಗೆ ಬಡಿದು ಗಂಟೆ ಹೊಡೆಯುತ್ತಿದ್ದರು. ಅವ್ವ ಆ ಗಂಟೆ ಕೇಳಿ ತವರಿನ ರೈಲು ಹತ್ತಿದವಳು. ದೊಡ್ಡ ಹಳಿ ಹಾಕುವಾಗ ವರ್ಷಗಟ್ಟಲೆ ಮುಚ್ಚಿದ್ದ ಸ್ಟೇಷನ್ನು ಮತ್ತೆ ಎದ್ದು ನಿಂತಿದೆ. ನಿಲ್ಲುವುದು ಬೆರಳೆಣಿಕೆಯ ಗಾಡಿಗಳು. ಆದರೆ ಗುಡಿಸಿದ ಪ್ಲಾಟ್‌ಫಾರಂ, ತಣ್ಣನೆ ನಲ್ಲಿನೀರು, ಬೋಗಿ ಎಲ್ಲಿ ನಿಲ್ಲುತ್ತದೆಂದು ವಯಸ್ಸಾದವರಿಗೆ ಎದ್ದು ಬಂದು ತೋರಿಸುವ ಮಾಸ್ತರು. ದೊಡ್ಡ ಊರಿನಲ್ಲಿ ಇದನ್ನು ಯಾರು ಮಾಡುತ್ತಾರೆ?

ಅಂದು ಗಾಡಿ ಒಂದು ಗಂಟೆ ತಡ ಎಂದು ನನ್ನ ಮೊಬೈಲ್ ಹೇಳಿತು. ನಮ್ಮ ಕಡೆ ಬಸ್ಸು ಹೊರಡುವಾಗ ಕಂಡಕ್ಟರ್ ಹೋಟೆಲಿಗೇ ಬಂದು ಕರೆಯುತ್ತಾನೆ. ಅದೇ ಧೈರ್ಯದಲ್ಲಿ ಅವ್ವನನ್ನು ಎದುರಿನ ಹೋಟೆಲಿಗೆ ಕರೆದೊಯ್ದೆ.

ಚಹಾ ಅರ್ಧವಾಗಿತ್ತು. ಅವ್ವ ಲೋಟ ಕೆಳಗಿಟ್ಟಳು.

“ಗಂಟೆ ಹೊಡದ್ರು, ಏಳೋ.”

ನನಗೇನೂ ಕೇಳಿಸಿರಲಿಲ್ಲ. ಹೋಟೆಲಿನವರು ನಕ್ಕರು. “ಆ ಹಳಿ ತುಂಡು ದೊಡ್ಡ ಲೈನ್ ಹಾಕಿದಾಗ್ಲೇ ತೆಗದ್ರು ಕಣ್ರೀ.”

ಅಷ್ಟರಲ್ಲಿ ಅವ್ವ ರಸ್ತೆ ದಾಟಿಯಾಗಿತ್ತು. ಬ್ಯಾಗೆತ್ತಿಕೊಂಡು ಹಿಂದೆ ಓಡಿದೆ. ನಾವು ಪ್ಲಾಟ್‌ಫಾರಂ ಮುಟ್ಟುವುದಕ್ಕೂ ಒಂದು ಗಂಟೆ ತಡ ಎಂದಿದ್ದ ನಮ್ಮ ಗಾಡಿಯ ಎಂಜಿನ್ ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು.

ಬರುವ ಗಾಡಿಗೆ ನೆಲ ನಡುಗಿ ಅವ್ವನ ಕಾಲಿಗೆ ತಿಳಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಾದರೆ ನನ್ನ ಲೋಟದ ಚಹಾಕ್ಕೂ ತಿಳಿಯಬೇಕಿತ್ತಲ್ಲ!

ಈಗ ಕಿವಿಯ ಯಂತ್ರದಿಂದ ಅವ್ವನಿಗೆ ಪಕ್ಕದ ಮನೆಯ ಮಿಕ್ಸರೂ ಕೇಳುತ್ತದೆ. ಯಂತ್ರ ಕೂಡಿಸಿಕೊಂಡು ಬಂದಿಳಿದ ದಿನ ಅದೇ ಪ್ಲಾಟ್‌ಫಾರಂನಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟಳು.

“ಇಲ್ಲ ಬಿಡು,” ಎಂದಳು. “ಈಗ ಕೇಳ್ತಿಲ್ಲ.”

ಇದರ ತಲೆಬುಡ ನನಗೆ ಇಂದಿಗೂ ತಿಳಿದಿಲ್ಲ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಆ ಓಟದಲ್ಲಿ ನನ್ನ ಕೊಡೆ ಹೋಟೆಲಿನಲ್ಲೇ ಉಳಿಯಿತು.