ಎರಡು ನೀಲಿ ಗೆರೆ

ಘಟಪ್ರಭಾ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಕೂತು ನಾನು ಬ್ಲಾಕ್‌ಚೈನ್ ಎನ್ನುವ ಕ್ರಿಪ್ಟೊ ಹಣದ ಜಾಲಗಳಿಗೆ ನಂಬರ್ ಗೊತ್ತುಮಾಡುವ ಕೆಲಸ ಮಾಡುತ್ತೇನೆ. ಪ್ರತಿ ಬ್ಲಾಕ್‌ಚೈನಿಗೂ ಅದರದೇ ಒಂದು ಗುರುತಿನ ನಂಬರ್ ಬೇಕು. ಎರಡಕ್ಕೆ ಒಂದೇ ನಂಬರ್ ಬಿದ್ದರೆ, ಒಂದರಲ್ಲಿ ಸಹಿ ಮಾಡಿದ ಹಣದ ವ್ಯವಹಾರ ಇನ್ನೊಂದರಲ್ಲೂ ನಡೆದುಹೋಗುತ್ತದೆ. ಹಾಗಾಗದಂತೆ ಪಟ್ಟಿ ಕಾಯುವವರು ನಾವು ಏಳೆಂಟು ಜನ, ಬೇರೆ ಬೇರೆ ದೇಶದವರು. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಬರೀ ಬರೆದುಕೊಳ್ಳುತ್ತೇವೆ.

"ದಿನಾ ಪೂರ್ತಿ ಬಾಗಲಾ ಹಾಕ್ಕೊಂಡು ಏನ್ ಮಾಡ್ತೀರಿ?" ಎಂದು ಮನೆಯ ಮಾಲಕಿ ಕೇಳುತ್ತಾರೆ. "ಆಫೀಸ್ ಕೆಲಸರಿ" ಎನ್ನುತ್ತೇನೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ನಮ್ಮದು ಬೆಲ್ಲದ ಬಾಗೇವಾಡಿ ಕಡೆಯ ಕುರಿ ಸಾಕುವ ಮನೆತನ. ನಾಲ್ಕಾರು ಹಿಂಡು ಒಂದೇ ಹೊಲದಲ್ಲಿ ತಂಗಿದರೆ ಬೆಳಿಗ್ಗೆ ಬಿಡಿಸಿಕೊಳ್ಳಲು ಮನೆಗೊಂದು ಬಣ್ಣದ ಗುರುತು. ಎಡ ತೊಡೆಯ ಮೇಲೆ ಎರಡು ನೀಲಿ ಗೆರೆ ಎಂದರೆ ನಮ್ಮ ಕುರಿ. ಹಿಂಡು ಹೋದರೂ ಗುರುತು ಆ ಮನೆಯದೇ. ಅವರು ಹೂಂ ಎನ್ನದೆ ಬೇರೆಯವರು ಹಾಕುವಂತಿಲ್ಲ. ಅಪ್ಪ ತೀರಿದ ಮೇಲೆ ಕುರಿ ಮಾರಿದವಳು ನಾನೇ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಆ ಮನೆಯವರು ಎಂದರೆ ಈಗ ನಾನೊಬ್ಬಳು.

ಕೆಲವು ತಿಂಗಳ ಹಿಂದೆ, ಮುಚ್ಚಿಹೋದ ಒಂದು ಜಾಲದ ನಂಬರನ್ನು ಹೊಸಬರು ಕೇಳಿದರು. ಕೊಡಕೂಡದು ಎಂದು ನಾನು ವಾರಗಟ್ಟಲೆ ಜಗಳವಾಡಿದೆ. ಹಳೆಯ ಸಹಿಗಳು ಎಲ್ಲೋ ಉಳಿದಿರಬಹುದು ಎಂದು ಕಾರಣ ಕೊಟ್ಟೆ. ಕಾರಣ ಸರಿಯೇ ಇತ್ತು, ಆದರೆ ಅಷ್ಟು ಹಟ ಅದಕ್ಕಾಗಿ ಅಲ್ಲ. ಕೊನೆಗೆ ಎಲ್ಲರೂ ಒಪ್ಪಿದರು. ಗೆದ್ದೆ ಎಂದು ಹೇಳಲು ಯಾರೂ ಇರಲಿಲ್ಲ. ಚಹಾ ಮಾಡಿಕೊಂಡು ಕುಡಿದೆ.

ಅದೇ ವಾರ ಊರಿನಿಂದ ಕಾಕಾ ಬಂದರು. ಸ್ವಂತ ಕಾಕಾ ಅಲ್ಲ, ಅಪ್ಪನ ಜೊತೆ ಕುರಿ ಕಾಯ್ದವರು. ಕುರ್ಚಿ ಒಲ್ಲೆ ಎಂದು ಹೊಸ್ತಿಲ ಹತ್ತಿರವೇ ಕೂತರು.

"ಯವ್ವಾ, ನಿಮ್ಮ ಗುರುತು ಖಾಲಿ ಐತಿ. ನನ್ನ ಸೊಸಿ ಹಿಂಡ ಕಟ್ಟಾಕತ್ತಾಳ. ನೀ ಹೂಂ ಅಂದ್ರ ಹಾಕ್ತೇವಿ. ಒಲ್ಲೆ ಅಂದ್ರ ಬ್ಯಾರೆ ನೋಡ್ತೇವಿ, ಸಿಟ್ಟಿಲ್ಲ."

ಕೊಡುವುದಿಲ್ಲ ಎನ್ನುವುದು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಎಷ್ಟೋ ತಿಂಗಳಿಂದ ನನ್ನನ್ನು ಹುಡುಕಿಕೊಂಡು ಆ ಮೆಟ್ಟಿಲು ಹತ್ತಿದವರು ಅವರೊಬ್ಬರೇ.

"ಹಾಕ್ರಿ ಕಾಕಾ" ಎಂದೆ. ಅವರು ಕೈಮುಗಿದು, ಬಸ್ಸು ತಪ್ಪೀತೆಂದು ಎದ್ದೇಬಿಟ್ಟರು. ಅವರು ಹೋದ ಮೇಲೆ ಅತ್ತುಬಿಟ್ಟೆ.

ಈಚೆಗೆ ಹುಕ್ಕೇರಿಯಿಂದ ಕಣಗಲಾಕ್ಕೆ ಹೋಗುವಾಗ ಕುರಿ ದಾಟಲೆಂದು ಬಸ್ಸು ನಿಂತಿತು. ಎಡ ತೊಡೆಯ ಮೇಲೆ ಎರಡು ನೀಲಿ ಗೆರೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಇಳಿದು, ಅಪ್ಪ ಕರೆಯುತ್ತಿದ್ದ ಹಾಗೆ "ಹುರ್‍ರ್ ಬಾ" ಎಂದು ಕೂಗಿದೆ. ಒಂದೂ ತಲೆ ಎತ್ತಲಿಲ್ಲ. ಮುಂದಿದ್ದ ಕಾಕಾರ ಸೊಸೆ ಸಿಳ್ಳೆ ಹಾಕಿದಳು, ಎಲ್ಲವೂ ಅವಳ ಹಿಂದೆ ಹೋದವು.

"ಅಕ್ಕಾರ, ನಿಮ್ಮ ಕುರಿ ಏನ್ರಿ?" ಎಂದ ಕಂಡಕ್ಟರ್.

"ಅಲ್ರಿ" ಎಂದು ಬಸ್ಸು ಹತ್ತಿದೆ.