ಶಂಕ್ರಮ್ಮ ಹೊಂದಿಸಿದ ಕ್ಲಚ್

ಬಾಲಾನಗರದ ಲೇತ್ ಅಂಗಡಿಗಳ ನಡುವೆ, ತಗಡಿನ ಶೆಡ್ಡೊಂದರಲ್ಲಿ ಶಂಕ್ರಮ್ಮ ಹದಿನಾರು ವರ್ಷಗಳಿಂದ ಕ್ಲಚ್ ಪ್ಲೇಟುಗಳನ್ನು ರಿಪೇರಿ ಮಾಡುತ್ತಿದ್ದಾಳೆ. ಆಳಂದದ ಕಡೆಯವಳು. ಮದುವೆಯಾಗಿ ಗಂಡ ಮೌನಪ್ಪನ ಜೊತೆ ಹೈದರಾಬಾದಿಗೆ ಬಂದ ಹೊಸತರಲ್ಲಿ ಕಟ್ಟಡಗಳಲ್ಲಿ ಜಲ್ಲಿ ಹೊತ್ತಳು. ಮೌನಪ್ಪ ಕ್ಲಚ್ ಕೆಲಸ ಕಲಿತು ಸ್ವಂತ ಶೆಡ್ ಹಾಕಿದ ಮೇಲೆ, ಮಧ್ಯಾಹ್ನ ಬುತ್ತಿ ತಂದವಳು ಅವನು ರಿವೆಟ್ ಬಡಿಯುವುದನ್ನು ನೋಡುತ್ತ ಅಲ್ಲೇ ಕೂತುಬಿಡುತ್ತಿದ್ದಳು.

ಸಕ್ಕರೆ ಕಾಯಿಲೆಯಿಂದ ಮೌನಪ್ಪನ ಕಣ್ಣು ಮಂಜಾದಾಗ ಶೆಡ್ ಮುಚ್ಚುವ ಮಾತು ಬಂತು. ಶಂಕ್ರಮ್ಮ ಒಪ್ಪಲಿಲ್ಲ.

"ನೀವು ಬಾಯಿಲೆ ಹೇಳ್ರಿ, ನಾ ಕೈಲೆ ಮಾಡ್ತೀನಿ," ಎಂದಳು.

ಮೊದಲ ವರ್ಷ ಅವಳು ಬಡಿದ ಪ್ಲೇಟುಗಳಲ್ಲಿ ಎಷ್ಟೋ ವಾಪಸ್ಸು ಬಂದವು. ಎರಡನೆಯ ವರ್ಷ ಹಾಗೆ ವಾಪಸ್ಸು ಬರುವುದು ನಿಂತಿತು. ಈಗ ಮೌನಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಿರಾಕಿಗಳನ್ನು ಮಾತಾಡಿಸುತ್ತಾನೆ, ಕೆಲಸವೆಲ್ಲ ಅವಳದು.

ಕಳೆದ ಡಿಸೆಂಬರಿನಲ್ಲಿ ನಗರದ ಮಣಿಕೊಂಡ ಬಡಾವಣೆಯಿಂದ ಚಂದ್ರಕಾಂತ ಎಂಬಾತ ಬಂದ. ಮೈಸೂರಿನವನು, ಇಲ್ಲಿ ಐಟಿ ಕೆಲಸ. ಕೈಯಲ್ಲೊಂದು ಕ್ಲಚ್ ಪ್ಲೇಟ್ ಇತ್ತು. ಹಿಂದಿಯಲ್ಲಿ ಮಾತು ಶುರು ಮಾಡಿದವನು, ಗಂಡಹೆಂಡಿರ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ತಿರುಗಿದ.

"ಇದೇ ಅಳತೇದು ಹೊಸದೊಂದು ಬೇಕಿತ್ತಮ್ಮ. ಹಳೇ ಅಂಬಾಸಿಡರ್. ಎಂಜಿನ್ ಮೊದಲಿನದೇ. ಹೈವೇಲಿ ಆರಾಮಾಗಿ ಓಡಲಿ ಅಂತ ಬೇರೆ ಗಾಡಿಯ ಐದು ಗೇರಿನ ಬಾಕ್ಸ್ ಹಾಕಿಸಿದೀನಿ. ಆದರೆ ಕ್ಲಚ್ ಪೂರ್ತಿ ಒತ್ತಿದ್ರೂ ಗೇರ್ ಕರ್ರ್ ಅನ್ನುತ್ತೆ. ಎರಡು ಗ್ಯಾರೇಜ್ ಆಯ್ತು. ಗೇರ್‌ಬಾಕ್ಸೇ ಕೆಟ್ಟಿದೆ, ಇನ್ನೊಂದು ತನ್ನಿ ಅಂತಾರೆ."

ಶಂಕ್ರಮ್ಮ ಪ್ಲೇಟನ್ನು ತಿರುಗಿಸಿ ನೋಡಿದಳು. ನಡುವಿನ ತೂತಿನ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಅರದಿಂದ ಉಜ್ಜಿದ ಗೆರೆಗಳು ಬೆರಳಿಗೆ ಹತ್ತಿದವು.

"ಇದನ್ನ ಯಾರೋ ಅರ ಹಾಕಿ ತಿಕ್ಕಿ, ಬಲವಂತಲೆ ಕೂಡ್ಸ್ಯಾರ್ರಿ. ಇಂಥದ್ದಽ ಇನ್ನೊಂದು ನಾ ಕೊಡಂಗಿಲ್ಲ."

"ಯಾಕಮ್ಮ?"

"ಕೊಟ್ರ ಮತ್ತ ಹಿಂಗಽ ಆಗ್ತೈತಿ. ನೋಡ್ರಿ ಸಾಹೇಬ್ರ, ಈ ಪ್ಲೇಟಿನ ಹೊರಗಿನ ಸುತ್ತು ಎಂಜಿನ್‌ಗೆ ಕೂಡಬೇಕು, ನಡುವಿನ ಹಲ್ಲು ಗೇರ್‌ಬಾಕ್ಸಿನ ದಂಡಕ್ಕ ಕೂಡಬೇಕು. ನಿಮ್ಮ ಎಂಜಿನ್ ಒಂದು ಗಾಡಿದು, ಬಾಕ್ಸ್ ಇನ್ನೊಂದು ಗಾಡಿದು. ಅಂಗಡ್ಯಾಗ ಸಿಗೋ ಪ್ಲೇಟು ಎರಡಕ್ಕೂ ಹೆಂಗ ಹೊಂದ್ತದ? ಬಾಕ್ಸಿನ ಜೋಡಿ ಬಂದಿದ್ದ ಪ್ಲೇಟ್ ಐತೇನು?"

"ಮನೇಲಿದೆ. ಅದು ಚಿಕ್ಕದು ಅಂತ ತೆಗೆದಿಟ್ರು."

"ಅದನ್ನೂ ತರ್ರಿ, ಗಾಡೀನೂ ತರ್ರಿ. ಬಾಕ್ಸ್ ಇಳಿಸಿ ಎಲ್ಲಾ ನನ್ನ ಮುಂದ ಇಡಬೇಕು."

ಮರುದಿನವೇ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು ತಂದರು. ಪಕ್ಕದ ಗ್ಯಾರೇಜಿನ ಗುರುಶಾಂತ ಗೇರ್‌ಬಾಕ್ಸ್ ಇಳಿಸಿಕೊಟ್ಟ. ಶಂಕ್ರಮ್ಮ ಎರಡೂ ಪ್ಲೇಟುಗಳ ರಿವೆಟ್ ಕಡಿದಳು. ಚಿಕ್ಕ ಪ್ಲೇಟಿನ ನಡುಭಾಗವನ್ನು ದೊಡ್ಡ ಪ್ಲೇಟಿಗೆ ಕೂರಿಸಿ, ಕೇಂದ್ರ ಕೂದಲೆಳೆಯಷ್ಟೂ ಆಚೀಚೆ ಸರಿಯದಂತೆ ಅಳೆದು, ಹೊಸ ರಿವೆಟ್ ಬಡಿದಳು. ಗೇರ್‌ಬಾಕ್ಸಿನ ದಂಡಕ್ಕೆ ಹಾಕಿದರೆ ಪ್ಲೇಟು ಎಣ್ಣೆ ಸವರಿದಂತೆ ಹಿಂದೆಮುಂದೆ ಜಾರಿತು. ಚಂದ್ರಕಾಂತನ ಮುಖ ಅರಳಿತು.

ಎಲ್ಲ ಜೋಡಿಸಿ, ಗುರುಶಾಂತ ಎಂಜಿನ್ ಶುರು ಮಾಡಿ ಮೊದಲ ಗೇರ್ ಹಾಕಿದ. ಕರ್ರ್ ಎಂದಿತು. ಮೊದಲಿಗಿಂತ ಕಡಿಮೆ, ಆದರೂ ಎಂದಿತು.

"ಗೇರ್‌ಬಾಕ್ಸೇ ಇರಬೇಕು ಬಿಡಿ ಅಮ್ಮ," ಎಂದ ಚಂದ್ರಕಾಂತ ಮೆಲ್ಲಗೆ. ಆ ಸಮಾಧಾನದ ಮಾತೇ ಅವಳಿಗೆ ಹೆಚ್ಚು ಚುಚ್ಚಿತು.

"ಗುರುಶಾಂತ, ಮತ್ತ ಇಳಸಪಾ," ಎಂದಳು.

"ಅಕ್ಕಾ, ಈಗರ ಏರಿಸೀನಿ!"

"ಇಳಸಂದ್ರ ಇಳಸು. ತಪ್ಪು ನಂದು ಐತಿ, ಬಾಕ್ಸಿಂದಲ್ಲ."

ಬಾಕ್ಸ್ ಇಳಿಯುವ ತನಕ ಅವಳು ಚಹಾ ಸಹ ಮುಟ್ಟಲಿಲ್ಲ. ಇಳಿದ ಮೇಲೆ ದಂಡದ ತುದಿಯನ್ನು ಬೆರಳಿಂದ ಹಿಡಿದು ನೋಡಿದಳು. ಆ ತುದಿ ಎಂಜಿನ್ನಿನ ಹಿಂಬದಿಯ ತೂತಿನಲ್ಲಿರುವ ಬಳೆಯಂಥ ಹಿತ್ತಾಳೆ ಬುಷ್ಷಿನೊಳಗೆ ಕೂರಬೇಕು. ಬುಷ್ ಹಳೆಯ ಗೇರ್‌ಬಾಕ್ಸಿನ ಅಳತೆಯದು. ಹೊಸ ದಂಡದ ತುದಿ ಅದಕ್ಕಿಂತ ಸಣ್ಣದು. ಒಳಗೆ ಕುಣಿಯುತ್ತ ಓರೆಯಾಗಿ ನಿಲ್ಲುತ್ತಿತ್ತು. ಹಾಗಾಗಿ ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ.

"ಬುಷ್ ನೋಡಿದ್ದಿಲ್ಲೇನು?" ಎಂದು ಕುರ್ಚಿಯಿಂದ ಮೌನಪ್ಪ ಕೇಳಿದ.

"ಇಲ್ರೀ. ಪ್ಲೇಟಿನ ಖುಷಿಯಾಗ ಮರತೆ."

ಎದುರಿನ ಲೇತ್ ಅಂಗಡಿಯಲ್ಲಿ ತಾನೇ ನಿಂತು ಹೊಸ ಬುಷ್ ಮಾಡಿಸಿದಳು. ಎರಡು ಸಲ ಸಾಲದೆಂದು ತಿರಸ್ಕರಿಸಿ ಮೂರನೆಯದನ್ನು ಒಪ್ಪಿಕೊಂಡಳು. ಸಂಜೆಗೆ ಮುಂಚೆ ಕಾರು ಮತ್ತೆ ಜೋಡಣೆಯಾಯಿತು. ಈ ಸಲ ಗೇರ್ ಹಾಕಿದವನು ಚಂದ್ರಕಾಂತನೇ. ಒಂದೂ ಸದ್ದಿಲ್ಲ. ಅವನು ನಂಬದೆ ತೆಗೆದು ಮತ್ತೆ ಹಾಕಿದ, ರಿವರ್ಸ್ ಗೇರ್ ಹಾಕಿದ, ಕಡೆಗೆ ಇಳಿದು ಬಂದು ಶಂಕ್ರಮ್ಮನ ಕಾಲು ಮುಟ್ಟಲು ಬಾಗಿದ. ಅವಳು ನಾಚಿಕೊಂಡು ಹಿಂದೆ ಸರಿದಳು.

"ಒಂದು ಮಾತು ನಡೆಸಿಕೊಡಬೇಕು ಅಮ್ಮ. ಭಾನುವಾರ ಸಿಕಂದರಾಬಾದಲ್ಲಿ ಹಳೇ ಕಾರುಗಳವರೆಲ್ಲ ಸೇರ್ತೀವಿ. ನೀವಿಬ್ಬರೂ ಬರಬೇಕು. ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಭಾನುವಾರ ಅವಳು ಇಳಕಲ್ ಸೀರೆ ಉಟ್ಟು, ಮೌನಪ್ಪನ ಕೈ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಪ್ರತಿ ಸಲ ಗೇರ್ ಬದಲಾದಾಗ ಕಿವಿಗೊಟ್ಟು ಕೇಳುತ್ತಿದ್ದಳು.

ಮೈದಾನದಲ್ಲಿ ಮೂವತ್ತು ನಲವತ್ತು ಕಾರುಗಳು ನಿಂತಿದ್ದವು. ಸುಬ್ಬರಾಯ ಎಂಬ ನಿವೃತ್ತ ಎಂಜಿನಿಯರರು ಅಂಬಾಸಿಡರ್ ಸುತ್ತ ತಿರುಗಿ, "ಈ ಎಂಜಿನ್‌ಗೆ ಈ ಬಾಕ್ಸಾ? ಕ್ಲಚ್ ಹೇಗೆ ಕೂಡಿಸಿದ್ರಿ? ನಾನು ಆರು ತಿಂಗಳು ಒದ್ದಾಡಿ ಕೈಬಿಟ್ಟೆ," ಎಂದರು.

ಚಂದ್ರಕಾಂತ ಶಂಕ್ರಮ್ಮನ ಕಡೆ ಕೈ ತೋರಿಸಿದ. ಸುಬ್ಬರಾಯರು ಅವಳನ್ನೊಮ್ಮೆ, ಮೌನಪ್ಪನನ್ನೊಮ್ಮೆ ನೋಡಿ, "ಅಂದ್ರೆ ನೀವು ಮಾಡಿದ್ದಾ?" ಎಂದು ಮೌನಪ್ಪನನ್ನೇ ಕೇಳಿದರು.

"ನಾನಲ್ರೀ. ನನಗ ಕಣ್ಣಽ ಕಾಣಂಗಿಲ್ಲ," ಎಂದ ಮೌನಪ್ಪ, ಸುತ್ತ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನನ್ನ ಹೇಣ್ತಿ ಮಾಡ್ಯಾಳ. ನಾ ಕಲಿಸಿದ್ದು ಅರ್ಧ ಅಷ್ಟಽ. ಉಳಿದದ್ದು ಅಕಿ ತಲಿ."

ಹದಿನಾರು ವರ್ಷದಲ್ಲಿ ಅವನು ಆ ಮಾತನ್ನು ಮನೆಯಲ್ಲೂ ಆಡಿರಲಿಲ್ಲ. ಶಂಕ್ರಮ್ಮ ಸೆರಗು ಸರಿಮಾಡಿಕೊಂಡು, ಡ್ರೈವರ್ ಬದಿಯ ಬಾಗಿಲು ತೆಗೆದು ಸುಬ್ಬರಾಯರ ಕಡೆ ತಿರುಗಿದಳು.

"ಕೂಡ್ರಿ ಸಾಹೇಬ್ರ. ನೀವಽ ಗೇರ್ ಹಾಕಿ ನೋಡ್ರಿ."