ಸಮಾಧಾನದ ಮೀನು

ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಎಲ್ಲರೂ ಅವನನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ದೋಣಿಯ ಪರವಾನಗಿ ಕಾಗದದಲ್ಲಿ ಬೆಚ್ಚಗೆ ಮಲಗಿತ್ತು, ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಅರವತ್ತು ಹತ್ತಿರವಾದರೂ ಮನುಷ್ಯನಿಗೆ ಒಂದು ಕಡೆ ನಿಲ್ಲಲು ಬಾರದು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೇ ಎದ್ದು, ಕೆನ್ನೆಯ ಮೇಲೆ ನೊರೆ ಇಟ್ಟುಕೊಂಡೇ ಬಾಗಿಲಿಗೆ ಹೋಗಿ, ಗಾಳಿ ಯಾವ ಕಡೆಯದು ಎಂದು ನೋಡಿ ಬರುವ ಆಸಾಮಿ. ಮನೆಯಲ್ಲಿ ಅವನಿಗೆಂದು ತಂದ ಬೆತ್ತದ ಕುರ್ಚಿಯ ಮೇಲೆ ಹೆಂಡತಿ ಒಗೆದ ಬಟ್ಟೆ ಮಡಚಿಡುತ್ತಿದ್ದಳು. "ಮದುವೆಯಾಗಿ ಮೂವತ್ತು ವರ್ಷ ಆಯ್ತು, ಇವರ ಮುಖ ನೇರ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಜಾಸ್ತಿ" ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಇಂಥವನು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಜನರಿಗೆ ತಾಳ್ಮೆ ಕಲಿಸುವ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟು ಹತ್ತಕ್ಕೆ ವಾಪಸ್, ದಡ ಕಣ್ಣಿನಿಂದ ಮರೆಯಾಗುವಷ್ಟು ದೂರವೂ ಇಲ್ಲ. ಅಲ್ಲಿ ನೀರು ಮೂರಾಳು ಆಳ, ಕೈ ಅದ್ದಿದರೆ ಉಗುರುಬೆಚ್ಚಗೆ. ಜನ್ಮದಲ್ಲಿ ಗಾಳ ಮುಟ್ಟದವರಿಗಾಗಿ ಇದ್ದ ಸವಾರಿ ಅದು. ಸಿಗಡಿ ತುಂಡನ್ನು ಗಾಳಕ್ಕೆ ಹೇಗೆ ಚುಚ್ಚಬೇಕು, ಸೀಸದ ಗುಂಡು ತಳ ಮುಟ್ಟಿದ ಮೇಲೆ ದಾರವನ್ನು ಎರಡು ಸುತ್ತು ಹೇಗೆ ಮೇಲೆತ್ತಬೇಕು, ತೋರುಬೆರಳನ್ನು ದಾರದ ಮೇಲೆ ಹೇಗೆ ಇಟ್ಟುಕೊಳ್ಳಬೇಕು, ಇದಿಷ್ಟು ಪಾಠ. ಕೊನೆಯ ಪಾಠ, ಸುಮ್ಮನೆ ಕಾಯುವುದು. ಇದನ್ನು ಹೇಳಿ ಮುಗಿಸಿದ ಹತ್ತನೇ ನಿಮಿಷಕ್ಕೆ ಬುಗುರಿಯೇ ಎದ್ದು "ಇಲ್ಲಿ ಬೇಡ, ಆಚೆ ನೋಡೋಣ" ಎಂದು ಲಂಗರು ಎತ್ತುತ್ತಿದ್ದ. ಬಂದವರು ಪಾಪ, ಇದೂ ಒಂದು ವಿದ್ಯೆ ಇರಬೇಕು ಎಂದುಕೊಳ್ಳುತ್ತಿದ್ದರು.

ಹೀಗೆ ಜಾಗ ಬದಲಿಸುತ್ತ ಹೋದರೆ ಮೀನು ಎಲ್ಲಿಂದ ಸಿಗಬೇಕು? ಅದಕ್ಕೆ ಅವನ ಹತ್ತಿರ ಒಂದು ಉಪಾಯವಿತ್ತು. ಹಿಂಬದಿಯ ಹಲಗೆಯ ಕೆಳಗೆ, ಒದ್ದೆ ಗೋಣಿ ಮುಚ್ಚಿದ ಬಕೆಟ್ಟಿನಲ್ಲಿ, ಧಕ್ಕೆಯ ಬುಡದ ಬುಟ್ಟಿಬಲೆಯಿಂದ ಬೆಳಿಗ್ಗೆಯೇ ತೆಗೆದ ಒಂದೆರಡು ಜೀವಂತ ಮೀನು. ಹೊತ್ತು ಮುಗಿಯುತ್ತ ಬಂದರೂ ಬರಿಗೈಯಲ್ಲಿ ಕೂತವರ ಗಾಳವನ್ನು "ಕೊಡಿ, ಸಿಗಡಿ ಉದುರಿದೆಯಾ ನೋಡ್ತೀನಿ" ಎಂದು ಇಸಿದುಕೊಂಡು, ಅವರು ಇನ್ನೊಂದು ಕಡೆ ನೋಡುವಂತೆ ಮಾಡಿ, ಬಕೆಟ್ಟಿನ ಮೀನಿನ ತುಟಿಗೆ ಸಿಕ್ಕಿಸಿ, ಸದ್ದಿಲ್ಲದೆ ನೀರಿಗೆ ಇಳಿಬಿಟ್ಟು, ಗಾಳದ ಕೋಲನ್ನು ವಾಪಸ್ ಕೊಡುವುದು. ಆಮೇಲೆ ದೋಣಿಯಲ್ಲಿ ಏಳುವ ಕೇಕೆಯನ್ನು ಕೇಳಬೇಕು! ಇದಕ್ಕೆ ಅವನು ಸಮಾಧಾನದ ಮೀನು ಎಂದು ಹೆಸರಿಟ್ಟಿದ್ದ. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ಅವನು ತನ್ನನ್ನು ತಾನೇ ನಂಬಿಸಿಕೊಂಡಿದ್ದ.

ಆವತ್ತು ದೋಣಿಗೆ ಬರುವವರಿದ್ದದ್ದು ಒಬ್ಬರೇ. ಮಗಳು ಮದುವೆಯಾಗಬೇಕೆಂದಿದ್ದ ಹುಡುಗನ ಅಪ್ಪ.

ಮಗಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದಳು, ಹುಡುಗ ಅಲ್ಲೇ ಯಂತ್ರ ನಡೆಸುತ್ತಿದ್ದ. ಇಬ್ಬರೂ ಒಪ್ಪಿಕೊಂಡಾಗಿತ್ತು. ಉಳಿದದ್ದು ಒಂದೇ ಮಾತು. ಮಗಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಅವಳೇನೂ ಅದಕ್ಕೆ ಮುಖ ಸಣ್ಣದು ಮಾಡಿಕೊಂಡವಳಲ್ಲ. ಯಂತ್ರದ ಕಡೆಗೆ ಎಡಗಿವಿ ಕೊಟ್ಟು ಕೂರುತ್ತೇನೆ, ಉಳಿದವರಿಗೆ ತಲೆನೋವು, ನನಗೆ ಆರಾಮ ಎನ್ನುತ್ತಿದ್ದಳು. ಆದರೆ ಬೀಗರಾಗುವವರಿಗೆ ಈ ವಿಷಯವನ್ನು ಅಪ್ಪನೇ ಹೇಳಬೇಕು ಎಂದು ಪಟ್ಟು ಹಿಡಿದಿದ್ದಳು. ಬುಗುರಿ ಎರಡು ಸಲ ಹೇಳಲೆಂದೇ ಅವರ ಮನೆಗೆ ಹೋಗಿ, ಎರಡು ಸಲವೂ ದೋಣಿಯ ನೆಪ ಹೇಳಿ ಮಧ್ಯದಲ್ಲೇ ಎದ್ದು ಬಂದಿದ್ದ.

"ಇವತ್ತು ಹೇಳ್ತೀಯ ತಾನೇ?" ಬೆಳಿಗ್ಗೆ ಮಗಳು ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

"ಹೇಳ್ತೀನಿ ಅಂದ್ನಲ್ಲ!"

"ಹೋದ ಸಲಾನೂ ಅಂದಿದ್ದೆ. ದೋಣೀಲಿ ನೀವಿಬ್ಬರೇ ಇರ್ತೀರಿ, ಅಲ್ಲಿಂದ ಎಲ್ಲಿಗೆ ಓಡ್ತೀಯ ನೋಡೋಣ. ನೀನು ಹೇಳೋವರೆಗೂ ಮದುವೆ ಮಾತಿಗೆ ನಾನು ಹೂಂ ಅನ್ನಲ್ಲ ಅಪ್ಪ."

ಕಿವಿ ಕೇಳದು ಎನ್ನುವುದಕ್ಕೆ ಎರಡು ನಿಮಿಷ ಸಾಕು. ಅವನಿಂದ ಹೇಳಲಾಗದೆ ಉಳಿದದ್ದು ಅದರ ಹಿಂದಿನ ಮಾತು. ಮಗಳಿಗೆ ಆರು ವರ್ಷವಿದ್ದಾಗ ಅವನು ಆಳಸಮುದ್ರದ ದೋಣಿಯಲ್ಲಿದ್ದ, ಹೋದರೆ ಹನ್ನೆರಡು ದಿನ. ಹೊರಡುವ ಬೆಳಿಗ್ಗೆ ಮಗು ಕಿವಿ ಹಿಡಿದುಕೊಂಡು ಅಳುತ್ತಿತ್ತು. ದಿಂಬಿನ ಮೇಲೆ ಹಳದಿ ಕೀವಿನ ಕಲೆ ಇತ್ತು. ಅವನು ಅದನ್ನು ನೋಡಿದ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಾ ಎಂದು ಹೆಂಡತಿಗೆ ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಕಾಲು ಆಗಲೇ ಹೊಸ್ತಿಲ ಆಚೆಗಿತ್ತು. ದಿಂಬನ್ನು ಮಗುಚಿ ಹಾಕಿ, ಇದೇನು ಮಹಾ, ಎಲ್ಲ ಮಕ್ಕಳಿಗೂ ಆಗುವುದೇ ಎಂದು ಹೊರಟುಬಿಟ್ಟ. ಹಿಂದಿರುಗುವಷ್ಟರಲ್ಲಿ ಜ್ವರ ಏರಿ ಇಳಿದು, ಎಡಗಿವಿಯನ್ನು ತೆಗೆದುಕೊಂಡು ಹೋಗಿಯಾಗಿತ್ತು. ಆಮೇಲೆ ಅವನು ಆಳಸಮುದ್ರಕ್ಕೆ ಕಾಲಿಡಲಿಲ್ಲ. ದಿನಾ ಮಧ್ಯಾಹ್ನಕ್ಕೆ ಮನೆ ಸೇರುವ ಈ ಮೂರು ಗಂಟೆಯ ಸವಾರಿ ಹಿಡಿದ. ಆದರೆ ಮನೆಯಲ್ಲೂ ನಿಲ್ಲಲಾರ. ಮಗಳು ಕರೆದಾಗ ತಲೆಯನ್ನು ಸ್ವಲ್ಪ ತಿರುಗಿಸಿ ಕೇಳಿಸಿಕೊಳ್ಳುವುದನ್ನು ಕಂಡಾಗಲೆಲ್ಲ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಬೀಗರಾಗುವವರು ಗಡಿಯಾರ ರಿಪೇರಿಯವರು. ಮೂವತ್ತೈದು ವರ್ಷ ಒಂದೇ ಅಂಗಡಿ, ಒಂದೇ ಮೇಜು, ಒಂದೇ ದೀಪ. ಪಾಲಿಶ್ ಮಾಡಿದ ಬೂಟು, ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಲೈಫ್ ಜಾಕೆಟ್ಟು ತೊಟ್ಟು, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ನೀರೆಂದರೆ ಅವರಿಗೆ ಪ್ರಾಣಭಯ.

"ಹುಡುಗೀನ ನೋಡಿ ಆಯ್ತು, ಅವರಮ್ಮನ ಹತ್ರ ಮಾತಾಡಿ ಆಯ್ತು" ಎಂದರು. "ನೀವು ಮಾತ್ರ ಕೈಗೇ ಸಿಗ್ತಿಲ್ಲ. ಮಗ ಹೇಳ್ದ, ದೋಣಿ ಹತ್ತಿ, ಅಲ್ಲಿ ಸಿಗ್ತಾರೆ ಅಂತ."

"ಅಯ್ಯೋ, ಸಿಕ್ದೆ ಎಲ್ಲಿ ಹೋಗ್ತೀನಿ" ಎಂದು ಬುಗುರಿ ನಕ್ಕ. ನಗು ತುಟಿ ದಾಟಲಿಲ್ಲ.

ಮೊದಲ ಜಾಗ, ಕರಿಬಂಡೆಗಳ ಮಗ್ಗುಲು. ಗಡಿಯಾರದವರು ಪಾಠವನ್ನು ಒಂದೇ ಸಲಕ್ಕೆ ಕಲಿತರು. ಅವರ ಬೆರಳು ದಾರದ ಮೇಲೆ ಕೂತ ರೀತಿ ನೋಡಿಯೇ ಬುಗುರಿಗೆ ಗೊತ್ತಾಯಿತು, ಈ ಮನುಷ್ಯನನ್ನು ಬಿಟ್ಟರೆ ಸಂಜೆಯವರೆಗೂ ಹೀಗೇ ಕೂರುತ್ತಾರೆ. ಈಗ ಹೇಳಿಬಿಡೋಣ ಎಂದು ಬಾಯಿ ತೆರೆದ. "ಒಂದು ವಿಷಯ..."

"ಹೇಳಿ."

"ಇಲ್ಲಿ ಸೆಳೆತ ಜಾಸ್ತಿ. ಆಚೆ ಹೋಗೋಣ."

ಎರಡನೆಯ ಜಾಗ ಅಲೆತಡೆಯ ಗೋಡೆಯ ತುದಿ. ಮೂರನೆಯದು ಮುಳುಗಿದ ಹಳೆ ದೋಣಿಯೊಂದರ ಮೇಲೆ. ಪ್ರತಿ ಸಲವೂ ಮಾತು ನಾಲಿಗೆಯ ತುದಿಗೆ ಬಂತು, ಪ್ರತಿ ಸಲವೂ ಅದರ ಬದಲು ಲಂಗರು ಮೇಲೆ ಬಂತು. ಕಾಲು ಸುಟ್ಟ ಬೆಕ್ಕಿನ ಹಾಗೆ ಅವನು ದೋಣಿಯ ಈ ತುದಿಯಿಂದ ಆ ತುದಿಗೆ ಓಡಾಡಿದ. ಸುತ್ತಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತಿದ.

"ಯಜಮಾನ್ರೇ" ಎಂದರು ಗಡಿಯಾರದವರು ನಾಲ್ಕನೆಯ ಜಾಗದಲ್ಲಿ. "ನನ್ನ ಗಾಳಕ್ಕೂ ನೀರಿಗೂ ಪರಿಚಯ ಆಗೋಷ್ಟರಲ್ಲಿ ನೀವು ಬಿಡಿಸ್ತಿದ್ದೀರಲ್ಲ. ಸ್ವಲ್ಪ ಇಲ್ಲೇ ಇರೋಣ."

ಒಂಬತ್ತೂವರೆಯಾಯಿತು. ಮೀನೂ ಇಲ್ಲ, ಮಾತೂ ಇಲ್ಲ. ಬಿಸಿಲು ಏರುತ್ತಿತ್ತು. ಈ ಮನುಷ್ಯ ಬರಿಗೈಯಲ್ಲಿ ದಡಕ್ಕೆ ಹೋಗುತ್ತಾರೆ, ಮಗಳು ಧಕ್ಕೆಯಲ್ಲಿ ನಿಂತು ನನ್ನ ಮುಖ ನೋಡುತ್ತಾಳೆ ಎಂದು ನೆನೆದ ಕೂಡಲೇ ಬುಗುರಿಯ ಕೈಗೆ ತಾನು ಬಲ್ಲ ಒಂದೇ ದಾರಿ ನೆನಪಾಯಿತು. ತಲೆ ಬೇಡ ಎನ್ನುತ್ತಿತ್ತು, ಕೈ ಕೇಳಲಿಲ್ಲ.

"ಕೊಡಿ, ಸಿಗಡಿ ಉದುರಿದೆಯಾ ನೋಡ್ತೀನಿ. ಓ ಅಲ್ಲಿ ನೋಡಿ, ನೀರು ಕುದಿದ ಹಾಗೆ ಆಗ್ತಿದೆಯಲ್ಲ, ಅದು ಸಣ್ಣ ಮೀನಿನ ಹಿಂಡು."

ಗಡಿಯಾರದವರು ಅತ್ತ ತಿರುಗಿ ಕಣ್ಣು ಕಿರಿದು ಮಾಡಿ ಹುಡುಕಿದರು. ಅವರು ಇತ್ತ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋಲು ಕೈಗೆ ಬಂದ ಎರಡೇ ನಿಮಿಷಕ್ಕೆ ಅದರ ತುದಿ ಬಗ್ಗಿತು.

"ಏನೋ ಎಳೀತಿದೆ!"

"ಸುತ್ತಿ, ಸುತ್ತಿ, ಬಿಡ್ಬೇಡಿ!"

ಗೇಣುದ್ದದ ಕೆಂಪು ಮೀನು ಪಟಪಟ ಬಡಿಯುತ್ತ ದೋಣಿಗೆ ಬಿತ್ತು. ನೀರೆಂದರೆ ನಡುಗುತ್ತಿದ್ದವರು ಎದ್ದೇ ನಿಂತರು. ಹಿಗ್ಗಿ ಹೀರೇಕಾಯಿಯಾದರು. ಒದ್ದೆ ಕೈಯಲ್ಲೇ ಫೋನು ತೆಗೆದು ಹೆಂಡತಿಗೆ ಕೂಗಿ ಹೇಳಿದರು. "ಲೇ, ನಾನು ಮೀನು ಹಿಡಿದೆ ಕಣೇ! ಹೌದು, ನಾನೇ! ಒಬ್ಬನೇ! ಇನ್ನೇನು, ನಿನ್ನ ಅಣ್ಣನಿಗೆ ಹೇಳು, ಕೂತಲ್ಲೇ ಕೂರೋನು ಅಂತ ಆಡ್ಕೊಳ್ತಿದ್ನಲ್ಲ!" ಫೋನಿಟ್ಟು ಬುಗುರಿಯ ಎರಡೂ ಕೈ ಹಿಡಿದುಕೊಂಡರು. "ಬೀಗರೇ, ಇವತ್ತೇ ದಿನ ಗೊತ್ತು ಮಾಡೋಣ. ನಾನು ಇನ್ನೇನೂ ಕೇಳೋದಿಲ್ಲ."

ಬೀಗರೇ ಎಂದು ಅವರು ಕರೆದದ್ದು ಅದೇ ಮೊದಲು. ಇಷ್ಟಕ್ಕೇ ಅಲ್ಲವೇ ಅವನು ತಿಂಗಳುಗಟ್ಟಲೆ ಹಂಬಲಿಸಿದ್ದು! ಏನೂ ಹೇಳದೆಯೇ ಎಲ್ಲ ಕೈಗೂಡಿತ್ತು. ಆದರೆ ಆ ಮುದುಕರ ಮುಖದಲ್ಲಿ ಮಗುವಿನ ನಗು ಕಂಡು ಬುಗುರಿಗೆ ನಾಚಿಕೆಯಾಯಿತು. ಎಂಥ ನಾಚಿಕೆಯೆಂದರೆ, ನೀರಿಗೆ ಹಾರಿಬಿಡೋಣವೆಂದರೆ ಈಜು ಬರುತ್ತಿತ್ತು, ಅದೂ ಉಪಯೋಗವಿಲ್ಲ.

"ಆ ಮೀನು ನೀವು ಹಿಡಿದದ್ದಲ್ಲ" ಎಂದ. "ನಾನು ಸಿಕ್ಕಿಸಿದ್ದು. ಹಲಗೆ ಕೆಳಗೆ ಬಕೆಟ್ ಇದೆ, ನೋಡಿ."

ಗಡಿಯಾರದವರು ಬಗ್ಗಿ ಗೋಣಿ ಸರಿಸಿ ನೋಡಿದರು. ಬಕೆಟ್ಟಿನಲ್ಲಿ ಅದೇ ಜಾತಿಯ ಇನ್ನೊಂದು ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅವರ ಮುಖ ಪೆಚ್ಚಾಯಿತು.

ಒಂದು ಹೊರಬಿದ್ದ ಮೇಲೆ ಇನ್ನೊಂದು ತಡೆಯಲಿಲ್ಲ. "ನಿಮ್ಮಿಂದ ಇನ್ನೊಂದು ಮುಚ್ಚಿಟ್ಟಿದ್ದೀನಿ. ನನ್ನ ಮಗಳಿಗೆ ಎಡಗಿವಿ ಕೇಳಲ್ಲ. ಈಗ ಏನಂತೀರೋ ಅನ್ನಿ."

ಗಡಿಯಾರದವರು ಮೀನನ್ನು ಎತ್ತಿ ಬಕೆಟ್ಟಿಗೆ ಹಾಕಿ, ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

"ಕಿವಿ ವಿಷಯ ನಮಗೆ ಗೊತ್ತು. ಮೊದಲ ದಿನವೇ ಹುಡುಗಿ ಹೇಳಿದ್ಳು. ಮೀನಿನ ವಿಷಯ ಹೇಳದೇ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನೀಗ ಮನೆಯವಳಿಗೆ ಏನು ಹೇಳ್ಲಿ?"

ಬುಗುರಿಗೆ ಎರಡನೆಯ ಮಾತು ಕೇಳಿಸಲೇ ಇಲ್ಲ. "ಮೊದಲ ದಿನವೇ?"

"ಐದು ತಿಂಗಳಾಯ್ತು. ನೀವಾಗಿ ಕೇಳ್ಬೇಡಿ, ಅಪ್ಪನೇ ಹೇಳ್ತಾರೆ, ಅವರಿಗೆ ಸ್ವಲ್ಪ ಹೊತ್ತು ಬೇಕು ಅಂತ ನಮ್ಮಿಂದ ಮಾತು ತಗೊಂಡಿದ್ಳು. ಅದಕ್ಕೇ ಬಾಯಿ ಮುಚ್ಚಿಕೊಂಡು ಕಾದೆ. ನೀವು ನೋಡಿದ್ರೆ ಒಂದು ಕಡೆ ನಿಲ್ಲೋದಿಲ್ಲ!" ಅವರು ಹೊಸ ಸಿಗಡಿ ತುಂಡೊಂದನ್ನು ಎತ್ತಿಕೊಂಡು, ತಾವೇ ಗಾಳಕ್ಕೆ ಚುಚ್ಚಿದರು. "ಈಗ ನನ್ನ ಕೋಲನ್ನ ಮುಟ್ಬೇಡಿ. ಒಂದಾದ್ರೂ ನಾನೇ ಹಿಡಿಯೋವರೆಗೂ ದಡಕ್ಕೆ ಬರೋದಿಲ್ಲ."

ಗುಂಡು ನೀರಿಗೆ ಬಿತ್ತು. ತಳ ಮುಟ್ಟಿತು. ಎರಡು ಸುತ್ತು ಮೇಲೆ ಬಂತು. ದಾರದ ಮೇಲೆ ಬೆರಳಿಟ್ಟುಕೊಂಡು, ಮುನಿಸು ಇಳಿದ ದನಿಯಲ್ಲಿ ಅವರೇ ಮುಂದುವರಿಸಿದರು.

"ಅಪ್ಪನದೇನೂ ತಪ್ಪಿಲ್ಲ ಅಂತ ಅವತ್ತು ಎಷ್ಟು ಸಲ ಹೇಳಿದ್ಳೋ. ಅಪ್ಪ ಹೊರಟಾಗ ನಾನು ಚೆನ್ನಾಗೇ ಇದ್ದೆ, ಸಮುದ್ರದಲ್ಲಿದ್ದವರಿಗೆ ಪಾಪ ಹೇಗೆ ಗೊತ್ತಾಗ್ಬೇಕು, ಆದ್ರೂ ಇಷ್ಟು ವರ್ಷ ಸುಮ್ಮನೆ ಕೊರಗ್ತಿದ್ದಾರೆ ಅಂದ್ಳು. ಅವರಮ್ಮ ಅವಳಿಗೆ ಎಲ್ಲಾ ಹೇಳಿದ್ದಾರಂತೆ."

ಅಮ್ಮ ಎಲ್ಲಾ ಹೇಳಿದ್ದಾಳೆ! ಅವನು ಮಗುಚಿಟ್ಟ ದಿಂಬನ್ನು ಮತ್ತೆ ಮಗುಚಿದವಳು, ಅಡಿಯ ಕಲೆಯನ್ನು ಕಂಡವಳು, ಗಂಡ ಅದನ್ನು ಕಂಡೇ ಹೊರಟನೆಂದು ಬಲ್ಲವಳು ಅವಳು. ಇಪ್ಪತ್ತು ವರ್ಷ ಒಂದು ದಿನವೂ ಆ ಮಾತು ಎತ್ತದೆ, ಮಗಳ ಕೈಗೆ ಈ ಸುಳ್ಳು ಕೊಟ್ಟಿದ್ದಾಳೆ. ಮಗಳು ಅದನ್ನೇ ನಿಜವೆಂದು ನಂಬಿ, ಅಪ್ಪನ ಮೇಲೆ ಕರುಣೆಪಟ್ಟುಕೊಂಡು ಬೆಳೆದಿದ್ದಾಳೆ. ಬುಗುರಿ ಹಲಗೆಯ ಮೇಲೆ ಕೂತುಬಿಟ್ಟ. ಹೂಂ ಎಂದುಬಿಟ್ಟರೆ ಸಾಕು, ಇನ್ನು ಯಾರೂ ಯಾವತ್ತೂ ಕೇಳುವುದಿಲ್ಲ.

"ಗೊತ್ತಿತ್ತು" ಎಂದ.

"ಏನು?"

"ನಾನು ಹೊರಟಾಗ ಅವಳು ಚೆನ್ನಾಗಿರ್ಲಿಲ್ಲ. ಕೀವು ಸೋರಿದ್ದನ್ನ ಕಣ್ಣಾರೆ ನೋಡ್ದೆ. ನೋಡೇ ಹೋದೆ."

ಗಡಿಯಾರದವರು ಅವನ ಕಡೆಗೆ ತಿರುಗಿದರು. ಅಷ್ಟರಲ್ಲಿ ಅವರ ಕೋಲಿನ ತುದಿ ಒಮ್ಮೆ ಅದುರಿತು, ಮತ್ತೊಮ್ಮೆ ಬಲವಾಗಿ ಅದುರಿತು. ಇಬ್ಬರೂ ಅದನ್ನು ಕಂಡರು. ಅವರು ಸುತ್ತಲಿಲ್ಲ.

"ಇದನ್ನ ಅವಳಿಗೆ ಹೇಳಿದ್ದೀರಾ?"

"ಇಲ್ಲ."

"ನನಗೆ ಯಾಕೆ ಹೇಳ್ತಿದ್ದೀರಿ ಮತ್ತೆ?" ಎಂದರು ಅವರು ಮೆಲ್ಲಗೆ. ದಾರವನ್ನು ಸಡಿಲ ಬಿಟ್ಟರು. ಕಚ್ಚಿದ್ದು ಯಾವುದೋ, ಬಿಡಿಸಿಕೊಂಡು ಹೋಯಿತು. "ನನ್ನ ಮೀನು ಇನ್ನೊಂದು ದಿನ ಆಗುತ್ತೆ. ದೋಣಿ ತಿರುಗಿಸಿ, ಬೀಗರೇ. ಅವಳು ಅಲ್ಲಿ ಕಾಯ್ತಿದ್ದಾಳೆ."

ಬುಗುರಿ ಲಂಗರಿನ ಹಗ್ಗಕ್ಕೆ ಕೈ ಹಾಕಿದ. ಎಳೆಯಲು ಎಂದೂ ಇಲ್ಲದಷ್ಟು ಹೊತ್ತು ಹಿಡಿಯಿತು.